ಯಾರ ಎಂಜಲು

ಮೊದಲು ಗಂಟಲು. ಬಿಟ್ಟೆ.
ಸೋಲಾಪುರ ರಸ್ತೆದಾಗ ಎದುರುಗಾಳಿ, ಲಾರಿ ಹೊಗಿ,
ಬಾಯಿ ತೆರದು ನಲವತ್ತು ಕಿಲೋಮೀಟರ್ ತುಳದ್ರ
ಗಂಟಲು ಹೂವಾಗಿರತದೇನು?

ಆಮ್ಯಾಲ ಕುತ್ತಿಗಿ. ಎರಡೂ ಕಡೆ
ನೆನಸಿದ ಕಡ್ಲಿ ಹಾಂಗ ಗಂಟು.
ಹೆಲ್ಮೆಟ್ಟಿನ ಪಟ್ಟಿ ಕೂಡಲಿಲ್ಲ.
ಔಷಧ ಅಂಗಡಿ ಹುಡುಗ ಏನೂ ಕೇಳದ ಗುಳಗಿ ಕೊಟ್ಟ,
ಮೂರನೇ ದಿನ ಮೈತುಂಬ ಕೆಂಪು ದದ್ದು.
"ಗೊಬ್ಬರ ಎದ್ದಾವ" ಅಂದಳು ಓಣಿಯ ಗುರುಬಾಯಿ.
ಅವ್ವ ಒಗ್ಗರಣಿ ಬಿಟ್ಟಳು, ಬಾಗಲಿಗೆ ಬೇವಿನ ತಪ್ಪಲ ಕಟ್ಟಿದಳು.
ನಾ ಉಗುಳು ನುಂಗಲಾರದ ಅತ್ತೆ.

ಡಾಕ್ಟರ್ ಹಂಚಿನಾಳರು ಎಡಕ್ಕ, ಪಕ್ಕೆಲಬಿನ ಕೆಳಗ
ಬೆರಳು ಒತ್ತಿ "ಉಸಿರು ತೊಗೊ" ಅಂದರು.
ಹತ್ತೊಂಬತ್ತು ವರ್ಷ ನನ್ನೊಳಗ ಸುಮ್ನ ಇದ್ದದ್ದೊಂದು
ಬಂದು ಅವರ ಬೆರಳಿಗೆ ತಾಕಿತು.
ಗುಲ್ಮ ಅಂತಾರ ಅದಕ್ಕ. ದಪ್ಪ ಆಗ್ಯಾದ.
ಬಿದ್ರ ಒಡೀಬಹುದು.
"ಸೈಕಲ್ ಬಂದ್. ಎರಡು ತಿಂಗಳು."
ಆಯ್ಕಿ ಇನ್ನ ಇಪ್ಪತ್ತು ದಿನಕ್ಕ ಅದ ಅಂದೆ.
ಅವರು ಪೆನ್ನಿನ ಟೊಪ್ಪಿಗಿ ಮುಚ್ಚಿದರು.

ರಕ್ತದ ಚೀಟಿ ಬಂತು. ಹೆಸರು ಉದ್ದ ಇತ್ತು,
ಗಿಡ್ಡ ಮಾಡಿ "ಮಾನೊ" ಅಂದರು.
ವೈರಸ್ಸು. ಅದಕ್ಕ ಆ ಗುಳಗಿ ನಾಟೂದಿಲ್ಲ,
ದದ್ದು ಗುಳಗಿಯ ಕಿತಾಪತಿ, ಗೊಬ್ಬರ ಅಲ್ಲ.
ಔಷಧ? ನೀರು, ಗಂಜಿ, ನಿದ್ದಿ.
"ಹ್ಯಾಂಗ ಬಂತ್ರಿ ಸಾಹೇಬ್ರ?"
"ಎಂಜಲಿಂದ, ತಾಯಿ."

ಆ ಒಂದು ಶಬ್ದ
ರಿಕ್ಷಾದಾಗ ನಮ್ಮಿಬ್ಬರ ನಡುವ ಕುಂತು ಬಂತು.
ಗಾಂಧಿ ಚೌಕದಾಗ ಅವ್ವ ಕೇಳಿದಳು: ಯಾರ ಎಂಜಲು?
ಎರಡು ಸಲ. ಎರಡನೇ ಸಲ ಮೆಲ್ಲಕ.

ಯಾರದಂತ ಹೇಳ್ಲಿ?
ತರಬೇತಿಯಾಗ ಒಂದ ಬಾಟಲಿ, ಆರು ಬಾಯಿ.
ಭೂತನಾಳ ಕೆರಿ ದಾಟಿದ ಏರಿನಾಗ
ನನ್ನ ನೀರು ಮುಗದಾಗ ನಸೀಮಾ
ಒಂದ ಕೈ ಹ್ಯಾಂಡಲ್ ಬಿಟ್ಟು ತನ್ನದು ಚಾಚಿದ್ದಳು,
ಹಿಂದ ಬೀಳತೀನಿ ಅಂತ ಗೊತ್ತಿದ್ದೂ.
ನಾ ಅದರ ಬಾಯಿ ಒರಸಲಿಲ್ಲ.
ಒರಸಿದ್ರ ಅಕಿ ನೋಡ್ತಿದ್ದಳು.
ಅದ ಇರಬಹುದು. ಅಲ್ಲದೇನೂ ಇರಬಹುದು.
ಅವ್ವಾ, ಹಲ್ಲಿಲ್ಲದ ತಮ್ಮಗ ರೊಟ್ಟಿ ಅಗದು ಉಣಿಸಿದೆಲ್ಲ,
ಅದಕ್ಕೇನಂತಿ?
ಕೇಳಲಿಲ್ಲ. ಹೆಸರೂ ಹೇಳಲಿಲ್ಲ.

ಜ್ವರ ಹೋತು. ಸುಸ್ತು ಹೋಗಲಿಲ್ಲ.
ಅದು ದಣಿವಲ್ಲ. ದಣಿವು ನನಗ ಗೊತ್ತದ,
ಅದಕ್ಕ ಉಪ್ಪಿನ ರುಚಿ, ಕೊನೀಗೆ ದಾಟಲಿಕ್ಕೊಂದು ಗೆರಿ.
ಇದಕ್ಕ ಗೆರಿ ಇಲ್ಲ.
ತಲಿ ಬಾಚಿಕೊಂಡ ಮ್ಯಾಲ ಮಲಗಬೇಕು.
ಗ್ವಾಡಿಗೆ ಆತ ಸೈಕಲ್ಲಿನ ಗಾಳಿ ತಾನ ಇಳೀತು, ದಿನಾ ಇಷ್ಟಿಷ್ಟ.
ಸಮಾಧಾನ ಆತು, ನಾ ಒಬ್ಬಾಕಿನ ಅಲ್ಲ ಅಂತ.
ಆಯ್ಕಿ ದಿನ ಮಧ್ಯಾಹ್ನ ಮೂರಕ್ಕ ಎಚ್ಚರ ಆತು.
ಯಾರು ಗೆದ್ದರು ಅಂತ ಕೇಳೂದ ಮರತೆ.

ಒಂಬತ್ತನೇ ವಾರ ಡಾಕ್ಟರು ಮತ್ತ ಹುಡುಕಿದರು,
ಗುಲ್ಮ ಬೆರಳಿಗೆ ಸಿಗಲಿಲ್ಲ. ಸಿಗಬಾರದು ಅಂತ ನಕ್ಕರು.
"ವೈರಸ್ಸು ಹೋತೇನ್ರಿ?"
"ಇಲ್ಲ. ಒಳಗ ಮಲಗಿರತದ, ಕಡೀತನಕ. ಇರಲಿ ಬಿಡು."

ತೊರವಿ ರಸ್ತೆ, ಬೆಳಿಗ್ಗೆ ಆರು, ಸಣ್ಣ ಗಿಯರು.
ಹಾಲಿನ ಕ್ಯಾನು ಹೇರಿದ ಮುದುಕ
ಗಂಟಿ ಬಾರಿಸಿ ನನ್ನ ದಾಟಿ ಹೋದ.
ಕ್ರಾಸಿನಾಗ ನಸೀಮಾ, ಕೈಯಾಗ ಎರಡು ಬಾಟಲಿ.
ಒಂದರ ಮ್ಯಾಲ ಉಗುರುಬಣ್ಣದಲೆ ಬರದಿತ್ತು: ದಾನಮ್ಮ.
ಸಿಟ್ಟು ಬಂತು. ಎರಡು ಉಸಿರಿಗೆ ಸಿಟ್ಟಿಗೂ ಸುಸ್ತಾತು.
"ನಿಮ್ಮವ್ವ ಬಂದಿದ್ದರು" ಅಂದಳು, ರಸ್ತೆ ನೋಡಿಕೋತ,
"ಎರಡೂ ಅವರ ತಂದದ್ದು."

ನೀರಾಗ ಚಿಟಿಕಿ ಉಪ್ಪು, ಸಕ್ಕರಿ.
ನಾ ನನ್ನದು ಕುಡದೆ. ಅಕಿ ತನ್ನದು.
ಏರು ಬರೂತನಕ ಇಬ್ಬರೂ ಮಾತಾಡಲಿಲ್ಲ.