ಮುಕ್ಕಾಲು ಸುತ್ತು

ಎಗ್ಗರ್ಟ್‌ನ ಬಾಯಿಂದ ಮೊದಲು ಉದುರಿದ್ದು ಹೆಸರುಗಳು.
ಮಾರ್ಚಿನಲ್ಲಿ, ಹೆಪ್ಪುಗಟ್ಟಿದ ಸರೋವರದ ಮೇಲೆ,
ತೂತಿನಿಂದ ಬಲೆ ಎಳೆಯುತ್ತಿದ್ದವನು ಹಾಗೇ ಕೂತುಬಿಟ್ಟನಂತೆ.
ಈಗ ಉಪ್ಪು ಎಂದರೆ ಒಂದು ದಿನ ಚಮಚ, ಒಂದು ದಿನ ಕಿಟಕಿ.
ಮಂಗಳವಾರ ಮಾತ್ರ ಬದಲಾಗಿಲ್ಲ:
ಮಂಗಳವಾರ ಎಂದರೆ ಕಾಲುಚೀಲ.
ನನ್ನನ್ನು ಒಮ್ಮೆ ದೋಣಿ ಎಂದು ಕರೆದ.
ಹಾಲ್ದೋರಾಗಿಂತ ಅದೇ ವಾಸಿ, ತಿದ್ದಲಿಲ್ಲ.

ಗಿಮ್ಲಿಯಲ್ಲಿ ಅಕ್ಟೋಬರ್ ಕಳೆಯುವಷ್ಟರಲ್ಲಿ
ನೀರಿನ ಅಂಚು ಹಾಲಿನ ಕೆನೆಯ ಹಾಗೆ ಸುಕ್ಕಾಗುತ್ತದೆ.
ಈ ಸಲ ಬಲೆ ಹಾಕುವವನು ನನ್ನ ಅಣ್ಣನ ಮಗ ಲಾರುಸ್;
ಪಿಕಪ್ಪು ಅವನ ಕೈಗೆ ಹೋಗುವ ಮೊದಲು
ಎಣ್ಣೆ ಬದಲಾಗಬೇಕು.
ಗ್ಯಾರೇಜಿಗೆ ಬಿಡೋಣ ಅಂದೆ.
"ಪಾದ್ರಿ!" ಎಂದು ಗದರಿದ.
ಯಾವ ಭಾಷೆಯಲ್ಲಾದರೂ ಅದು ಬೇಡ ಎಂದೇ.

ಹಾಗಾಗಿ ಅರವತ್ತಾರನೇ ವಯಸ್ಸಿನಲ್ಲಿ ನಾನು,
ಮನೆಯ ಚಪ್ಪಲಿಯಲ್ಲೇ,
ಫ್ರಿಜ್ಜು ಬಂದಿದ್ದ ರಟ್ಟಿನ ಮೇಲೆ ಅಂಗಾತ.
ಅವನೇ ಮೊಳೆ ಹೊಡೆದು ಮಾಡಿದ ಮರದ ಇಳಿಜಾರಿನಲ್ಲಿ
ಮುಂಗಾಲೆತ್ತಿ ನಿಂತ ಗಾಡಿಯ ಹೊಟ್ಟೆಯ ಕೆಳಗೆ.
ಅಲ್ಲಿಂದ ಗಂಡ ಎಂದರೆ ಎರಡು ಬೂಟು:
ಒಂದು ಅವಸರದ್ದು,
ಒಂದು ಎಳೆದರೆ ಬರುವಂಥದ್ದು.

ಇಂಜಿನ್ ಬೆಚ್ಚಗೆ ಮಾಡಿಕೊಂಡಿದ್ದೆ.
ಚಳಿಗೆ ಎಣ್ಣೆಗೂ ಸೋಮಾರಿತನ ಎಂದು
ಮಾತಿದ್ದ ಕಾಲದಲ್ಲಿ ಹೇಳುತ್ತಿದ್ದ.
ಬೋಲ್ಟು ಸಡಿಲಿಸಿದೆ, ಇನ್ನೂ ಸಡಿಲಿಸಿದೆ,
ಕೊನೇ ಎಳೆಯಲ್ಲಿ ಅದು ಕೈಜಾರಿ ಬೋಗುಣಿಗೇ ಧುಮುಕಿತು.
ಹಿಂದೆಯೇ ಕಪ್ಪು ದಾರ.
ಒಂದು ಚಳಿಗಾಲದ ಮೀನು,
ವಿನ್ನಿಪೆಗ್ಗಿನ ಆಸ್ಪತ್ರೆಗೆ ಮೂವತ್ತೊಂದು ಸಲ,
ದಾರಿಯುದ್ದ ನಾವು ಆಡದೇ ಬಿಟ್ಟದ್ದು,
ಎಲ್ಲ ಒಂದೇ ಬಣ್ಣ.

ಫಿಲ್ಟರು ಜಪ್ಪಯ್ಯ ಅಂದರೂ ಕದಲಲಿಲ್ಲ.
ಹೋದ ವರ್ಷ ಅದನ್ನು ಬಿಗಿದದ್ದು ಅವನ ಬಲಗೈ.
ಹೆರಿಂಗ್ ಮೀನಿನ ಶೀಸೆ, ಅಂಗಳದ ನಲ್ಲಿ,
ಅವನು ಮುಚ್ಚಿದ್ದು ಯಾವುದೂ ನನ್ನಿಂದ ತೆರೆದದ್ದಿಲ್ಲ.
ಪಟ್ಟಿ ಹಾಕಿ ಜಗ್ಗಿದೆ. ಕಾಲು ಕೊಟ್ಟು ಜಗ್ಗಿದೆ.
ಆ ಕೈಯ ಜೊತೆ ಮತ್ತೆ ಜಗಳಕ್ಕಿಳಿದ ಹಾಗಾಗಿ
ಖುಷಿಯೇ ಆಯಿತು.
ಕೊನೆಗೆ ಬಿಟ್ಟುಕೊಟ್ಟಿತು;
ಬಿಸಿ ಎಣ್ಣೆ ಮೊಣಕೈಗಿಳಿದು ಸ್ವೆಟರಿನೊಳಗೆ ಹೋಯಿತು.

ಹೊಸದರ ಅಂಚಿಗೆ ಬೆರಳಲ್ಲಿ ಎಣ್ಣೆ ಸವರಿ
ಇನ್ನೇನು ತಿರುಗಿಸಬೇಕು,
ಮೇಲೆ ಬಾನೆಟ್ಟಿಗೆ ಗುದ್ದು.
"ಮೋಂಬತ್ತಿ!" ಎಂದ. "ಅತ್ತೆ! ಅತ್ತೆ!"
ಮೀನಿನ ಪೆಟ್ಟಿಗೆಯ ಮೇಲೆ ಕೂತು, ಕಷ್ಟಪಟ್ಟು ಬಗ್ಗಿ,
ಬಂಪರಿನ ಕೆಳಗೆ ಎಡಗೈ ತೂರಿಸಿದ.
ಹೆಬ್ಬೆರಳಿನಿಂದ ಮದುವೆಯ ಉಂಗುರ ತಿರುವಿ ತೋರಿಸಿದ.

ನಲವತ್ತೊಂದು ವರ್ಷದಲ್ಲಿ ಹೀಗೆಲ್ಲ ಮಾಡಿದವನಲ್ಲ.
ಗಂಟಲು ಕಟ್ಟಿತು. ಎಣ್ಣೆಗೈಯಲ್ಲೇ ಆ ಬೆರಳು ಹಿಡಿದು
ಗೊತ್ತು ಮಾರಾಯ, ನನಗೂ ಅಷ್ಟೇ, ಅಂದೆ.
ಫಟ್ಟನೆ ಕೈಗೆ ಹೊಡೆದ.
ಮತ್ತೆ ಉಂಗುರ. ಮತ್ತೆ ಬೆರಳು ಮೇಲಕ್ಕೆ, ಇಂಜಿನ್ನಿನತ್ತ.
ಟಾರ್ಚು ಬಿಟ್ಟೆ.

ಹಳೇ ಫಿಲ್ಟರಿನ ರಬ್ಬರ್ ಬಳೆ
ಕಳಚಿ ಬರದೆ ಇಂಜಿನ್ನಿನ ಬಾಯಿಗೇ ಅಂಟಿಕೊಂಡಿತ್ತು.
ಅದರ ಮೇಲೆ ಇನ್ನೊಂದನ್ನು ಕೂರಿಸಿದ್ದರೆ,
ಎಲ್ಲೋ ದಡದಿಂದ ಒಂಬತ್ತು ಮೈಲಿ ಆಚೆ,
ಲಾರುಸ್ ಒಬ್ಬನೇ ಇರುವಾಗ,
ಎಣ್ಣೆಯೆಲ್ಲ ಕಕ್ಕಿ ಇಂಜಿನ್ ಕಚ್ಚಿಕೊಳ್ಳುತ್ತಿತ್ತು.

ಉಗುರಿನಿಂದ ಸುಲಿದೆ. ಚಾಚಿಯೇ ಇದ್ದ ಅಂಗೈಗೆ ಹಾಕಿದೆ.
ಏನೂ ಅನ್ನಲಿಲ್ಲ. ಜೇಬಿಗೆ ಇಳಿಸಿಕೊಂಡ.

ರಬ್ಬರು ತಾಕಿದ ಮೇಲೆ ಮುಕ್ಕಾಲು ಸುತ್ತು, ಬರಿಗೈಯಲ್ಲಿ, ಸಾಕು.
ನನಗೆ ತೆರೆಯಲು ಬರುವಷ್ಟೇ ಬಿಗಿದೆ.
ಬೋಲ್ಟು ಒರೆಸಿ ಹಾಕಿ, ಮೇಲಿನಿಂದ
ಐದೂವರೆ ಲೀಟರ್ ಜೇನುಬಣ್ಣ ಸುರಿದು,
ಚಾಲೂ ಮಾಡಿ, ಇಬ್ಬರೂ ನೆಲ ನೋಡುತ್ತ ಕಾದೆವು.
ಸೋರಲಿಲ್ಲ, ಅಂದೆ.
ಅವನು ಅಳತೆಕಡ್ಡಿಯನ್ನು ಅಂಗಿಗೇ ಒರೆಸಿ, ಅದ್ದಿ, ಬೆಳಕಿಗೆ ಹಿಡಿದು,
ಆಮೇಲೆ ನನ್ನ ಪಾದದತ್ತ ಗಲ್ಲ ತೋರಿಸಿ,
"ಮಂಗಳವಾರ" ಎಂದ.

ಬಗ್ಗಿ ನೋಡಿದೆ.
ಎಡಗಾಲಿನದು ಪೂರ್ತಿ ನೆನೆದಿತ್ತು.