ಆರಂಭದ ಮಟ್ಟ

ಚಳ್ಳಕೆರೆಯಿಂದ ಪಾವಗಡದ ದಾರಿಯಲ್ಲಿ
ಎರಡು ಎಣ್ಣೆಮಿಲ್ಲು, ಒಂದು ಟೈರಿನಂಗಡಿ ದಾಟಿ
ಎಡಕ್ಕೆ ಹೊರಳಿದರೆ ನಮ್ಮ ಶಾಲೆ.
ಮಕ್ಕಳು ನಲವತ್ತೊಂದು, ಕೋಣೆ ಮೂರು.
ಮೂರನೆಯದಕ್ಕೆ ಆಗ ಬೀಗ:
ಸೂರಿನ ಸಿಮೆಂಟು ಉದುರಿ
ಕಬ್ಬಿಣದ ಪಕ್ಕೆಲುಬು ಕಾಣುತ್ತಿತ್ತು.

ಪ್ರತಿಷ್ಠಾನದವರು ಕೊಡುತ್ತಾರಂತೆ.
ಫಾರಂ ಬಂತು, ಹನ್ನೊಂದು ಪುಟ.
ಗಾಳಿಯಂತ್ರದ ಕಂಪನಿ. ಗುಡ್ಡದ ನೆತ್ತಿ ಅವರದು,
ನೆತ್ತಿಯ ಗಾಳಿಯೂ ಅವರದು,
ಲಾಭದ ನೂರರಲ್ಲಿ ಎರಡು ಈಗ
ನಮ್ಮ ಕಡೆಗೂ ಬೀಸಬಹುದು.

ನಿಯಮ ಒಂದೇ: ನಾಲ್ಕು, ಐದನೇ ತರಗತಿಯಲ್ಲಿ
ನೂರಕ್ಕೆ ಅರವತ್ತು ಮಕ್ಕಳು
ಒಂದು ಪದವೂ ಓದಲು ಬಾರದವರಾಗಿರಬೇಕು.
ಬಡತನಕ್ಕೆ ಕಾರ್ಡಿರುವ ಹಾಗೆ
ದಡ್ಡತನಕ್ಕೂ ಒಂದು ಗೆರೆ.

ತಿಪ್ಪೇಶ ಬಂದ, ದಾವಣಗೆರೆ ಹುಡುಗ,
ಹೆಲ್ಮೆಟ್ಟಿನೊಳಗೆ ಮಂಡಕ್ಕಿ ಪೊಟ್ಟಣ ಇಟ್ಟುಕೊಂಡು.
ಪರೀಕ್ಷೆ ನಾಳೆ ಮೇಡಂ, ಮಕ್ಕಳನ್ನ ಸಿದ್ಧ ಮಾಡಿ, ಎಂದ.
ಅವನು ಹೋದ ಮೇಲೆ ಒಬ್ಬೊಬ್ಬರನ್ನೇ ಕರೆದೆ.
ಎರಡೂ ತರಗತಿ ಸೇರಿ ಇಪ್ಪತ್ತು.
ಬಾರದವರು ಹನ್ನೊಂದು.
ಬೇಕಾದದ್ದು ಹನ್ನೆರಡು.

ಪಾಲಮ್ಮನ ಅವ್ವ ಮಿಲ್ಲಿನಲ್ಲಿ ಶೇಂಗಾ ಕೇರುತ್ತಾಳೆ.
ಪೊಟ್ಟಣದ ಹಳೆ ಪೇಪರು, ಸಿಮೆಂಟಿನ ಚೀಲ,
ಲಾರಿಯ ಹಿಂಬದಿ, ಗೋಡೆಯ ಮೇಲಿನ
ಇಲ್ಲಿ ಮೂತ್ರ ಮಾಡಬಾರದು,
ಯಾವುದನ್ನೂ ಬಿಟ್ಟವಳಲ್ಲ ಈ ಹುಡುಗಿ.
ಕಥೆಯ ಹಾಳೆ ಕೊಟ್ಟರೆ ಓದಿ ಮುಗಿಸಿ
ಮಗುಚಿ ನೋಡಿದಳು,
ಹಿಂದೆ ಇನ್ನೇನಿದೆ ಎಂದು.

ಸಂಜೆ ನಲ್ಲಿಯ ಹತ್ತಿರ ತಡೆದು ಕೇಳಿದೆ.
ನಾಳೆ ಒಂದು ದಿನ, ಸ್ವಲ್ಪ, ತಡವರಿಸ್ತೀಯಾ?
"ನಾಟಕಾನಾ ಮಿಸ್?"
ಹ್ಞೂಂ, ನಾಟಕ.
"ಯಾರ ಪಾರ್ಟು?"
ನಾನು ನಲ್ಲಿ ತಿರುಗಿಸಿ ಕೈ ತೊಳೆದೆ.

ಅವಳು ತಮ್ಮನ ಪಾರ್ಟು ಮಾಡಿದಳು.
ಬೋಸಯ್ಯ ಎರಡನೇ ತರಗತಿ, ಯೋಜನೆಯ ಲೆಕ್ಕಕ್ಕಿಲ್ಲದವನು,
ಮ ತೋರಿಸಿದರೂ ವ ಅನ್ನುವವನು.
ಅವನ ಹಾಗೇ ತುಟಿ ಕಚ್ಚಿ, ಅವನ ಹಾಗೇ
ಅಂಗಿಯ ಕೊನೆಯ ಗುಂಡಿ ತಿರುವುತ್ತ
ವ... ವರ... ವರದ ವೇಲೆ...
ನಿಜಕ್ಕೂ ಬಾರದ ಹನ್ನೊಂದು ಬಾಯಿಗಿಂತ
ಇವಳದೇ ನಿಜವೆನಿಸಿತು.
ತಿಪ್ಪೇಶ, ಪಾಪ, ಪೆನ್ನು ಕೆಳಗಿಟ್ಟು
ಹೆದರಬೇಡ ಪುಟ್ಟಾ, ನಿಧಾನ, ಎಂದು
ತನ್ನ ಬಾಟಲಿಯ ನೀರು ಕುಡಿಸಿದ.

ಅನುದಾನ ಬಂತು.
ಸೂರು ಬಂತು. ಬಾಗಿಲ ಬೀಗವನ್ನೀಗ
ಬಿಸಿಯೂಟದ ಅಕ್ಕಿ ಡ್ರಮ್ಮಿಗೆ ಹಾಕುತ್ತೇವೆ.
ನೀಲಿ ಬೆಂಚು, ಗಾಜಿನ ಬೀರು,
ಇನ್ನೂರ ಹತ್ತು ಪುಸ್ತಕ.
ಗೋಡೆಯಲ್ಲಿ ಅವರ ಹೆಸರು ಮೂರಡಿ,
ಅ ಆ ಇ ಈ ಅರ್ಧ ಅಡಿ.
ದೂರುತ್ತಿಲ್ಲ ನಾನು.
ಎರಡು ಕೋಣೆಯಲ್ಲಿ ಐದು ತರಗತಿಯ ಮಗ್ಗಿ
ಒಟ್ಟಿಗೇ ಕೇಳಿದ ಕಿವಿ ನನ್ನದು.

ಮಾರ್ಚಿನಲ್ಲಿ ಕೊನೆಯ ಪರೀಕ್ಷೆ.
ಪಾಲಮ್ಮ ಕಣ್ಣಿ ಬಿಚ್ಚಿದ ಕರುವಿನ ಹಾಗೆ ಓದಿದಳು.
ಕ್ಯಾಮೆರಾ ಇತ್ತು. ಚಪ್ಪಾಳೆ ಇತ್ತು.
ತಿಪ್ಪೇಶ ಕನ್ನಡಕ ತೆಗೆದು ಒರೆಸಿಕೊಂಡ,
ಅವನ ಮುಖ ನೋಡಲು ನನಗಾಗಲಿಲ್ಲ.

ಜೂನಿನಲ್ಲಿ ಬ್ಯಾನರು ಬಂತು. ಗೇಟಿಗೆ ಕಟ್ಟಿದೆವು.
ಅವಳದೇ ಮುಖ, ಆಳೆತ್ತರ, ಕೆಳಗೆ ದಪ್ಪಕ್ಷರ.
ತಮ್ಮನ ಕೈ ಹಿಡಿದು ನಿಂತು ಓದಿದಳು,
ಎಲ್ಲೂ ಎಡವದೆ, ಅಲ್ಪವಿರಾಮಕ್ಕೆ ಉಸಿರು ಕೊಟ್ಟು:
"ಹೋದ ವರ್ಷ, ಈ ಹುಡುಗಿಗೆ
ಒಂದು ಪದವೂ ಓದಲು ಬರುತ್ತಿರಲಿಲ್ಲ."

ಆಮೇಲೆ ನನ್ನ ಕಡೆ ತಿರುಗಿ,
"ಪಾರ್ಟು ಇನ್ನೂ ಮುಗಿದಿಲ್ವಾ ಮಿಸ್?"

ಬೋಸಯ್ಯ ಬ್ಯಾನರಿನ ಮೇಲೆ ಬೆರಳಿಟ್ಟು
ಒಂದೊಂದೇ ಅಕ್ಷರ ತಡವುತ್ತಿದ್ದ.
ವರ್ಷದ ಮೊದಲಿಗೆ ನಿಂತು
ವ, ಅಂದ.
ಗೊತ್ತಿದ್ದು ಅಂದನೋ,
ಎಂದಿನಂತೆ ಅಂದನೋ.