ಉದ್ದೇಶ ಎಂಬ ಖಾನೆ

ಅನುಮತಿಯ ಅರ್ಜಿಯಲ್ಲಿ ಹದಿನಾಲ್ಕು ಖಾನೆ.
ಹದಿಮೂರು ತುಂಬಿದ್ದೇನೆ. ಸಂಘದ ಹೆಸರು, ಸಭಾಂಗಣ, ದಿನ,
ಊರಿಂದ ಬರುವ ಆರು ಮಂದಿಯ ಪಾಸ್‌ಪೋರ್ಟ್ ನಂಬರು,
ಚೆಂಡೆ ಎರಡು, ಮದ್ದಳೆ ಒಂದು, ಕತ್ತಿ ನಾಲ್ಕು,
ಮರದ ಕತ್ತಿ ಎಂದು ಬದಿಯಲ್ಲಿ ಬರೆದು, ಅಡಿಗೆರೆ ಎಳೆದು.
ಉಳಿದದ್ದು ಒಂದೇ: ಪ್ರದರ್ಶನದ ಉದ್ದೇಶ.

ಮನಾಮದ ಗುದೈಬಿಯಾ. ಕ್ಷೌರದಂಗಡಿಯ ಮೇಲಿನ ಕೋಣೆ.
ಎಸಿ ಕೆಮ್ಮುತ್ತದೆ. ಕೆಳಗೆ ಕತ್ತರಿ ಕಿಚಿಕಿಚಿ.
ಒಂಬತ್ತು ವರ್ಷದಿಂದ ನಾನೇ ಕಾರ್ಯದರ್ಶಿ,
ಒಂಬತ್ತು ವರ್ಷದ ಹಿಂದೆ ಮಹಾಸಭೆಗೆ ತಡವಾಗಿ ಬಂದದ್ದಕ್ಕೆ.
ಹಗಲು ಸಲ್ಮಾಬಾದಿನ ಗೋದಾಮಿನಲ್ಲಿ ಬೋಲ್ಟು ಎಣಿಸುವವ,
ರಾತ್ರಿ ಕುರ್ಚಿ.
ಆರುನೂರ ಇಪ್ಪತ್ತು. ಅದರಲ್ಲಿ ಎರಡು ಮುರಿದದ್ದು.

ಸಭಾಂಗಣಕ್ಕೆ ಎಂಟುನೂರು ದಿನಾರು,
ಹತ್ತು ಹೊಡೆದರೆ ದೀಪ ಆರುತ್ತದೆ, ಯುದ್ಧ ನಡೆಯುತ್ತಿದ್ದರೂ.
ಊರಲ್ಲಾದರೆ ಅಸುರನ ಮುಖಕ್ಕೆ ಚುಟ್ಟಿ ಇಡುವುದಕ್ಕೇ ನಾಲ್ಕು ತಾಸು,
ಇಲ್ಲಿ ಅವನು ಹುಟ್ಟಿ, ಮೆರೆದು, ಸಾಯಲಿಕ್ಕೆ ಒಟ್ಟು ಎರಡೂವರೆ.
ಪ್ರಸಂಗವನ್ನು ಮೇಜಿನ ಮೇಲೆ ಮಲಗಿಸಿ ಕೊಯ್ದೆ.
ಮೊದಲು ಹೋದದ್ದು ಒಡ್ಡೋಲಗದ ಅರ್ಧ,
ಆಮೇಲೆ ಇಬ್ಬರು ದೂತರು,
ಆಮೇಲೆ ಅಸುರನ ತಾಯಿಯ ಅಳು, ಇಪ್ಪತ್ತು ನಿಮಿಷ.
‘ಅಳುವಿಗೆ ಟಿಕೇಟು ಹೋಗುವುದಿಲ್ಲ’ ಅಂದೆ ಸಮಿತಿಯಲ್ಲಿ.
ಯಾರೂ ಎದುರು ಹೇಳಲಿಲ್ಲ. ಹೇಳಬೇಕಿತ್ತು.

ಕಾರ್ಗೋ ಕಂಪನಿಯ ಗ್ರೆಶನ್ ಪುರ್ಬುಗಳು ಐನೂರು ಕೊಡುತ್ತಾರೆ,
ಹಿಂಬದಿಯ ಪರದೆಯಲ್ಲಿ ತಮ್ಮ ಹೆಸರು
ಅಸುರನ ಕಿರೀಟಕ್ಕೆ ಮರೆಯಾಗಬಾರದು ಎಂಬ ಷರತ್ತಿಗೆ.
ಊರಿಗೆ ಫೋನು ಮಾಡಿ ಕಿರೀಟದ ಎತ್ತರ ಕೇಳಿದೆ.
‘ಎಂತದು ಮಾರಾಯ್ರೆ, ಪೆಟ್ಟಿಗೆ ಮಾಡಿಸ್ಲಿಕ್ಕಾ?’
‘ಇಲ್ಲ,’ ಅಂದೆ, ‘ಬೇರೆಯವರ ತಲೆಗೆ.’
ಚಿನ್ನದಂಗಡಿಯವರಿಗೆ ತಮ್ಮ ಹೆಸರು ಹಾಸ್ಯಗಾರನ ಬಾಯಲ್ಲಿ ಬರಬೇಕು.
ಅವನು ಕೂಡಲೇ ಒಪ್ಪಿದ. ನನಗೇ ಸ್ವಲ್ಪ ಬೇಸರವಾಯಿತು.

ಮುಂದಿನ ಸಾಲು ಇಪ್ಪತ್ತೈದು ದಿನಾರು. ಮೊದಲು ಮಾರಿಹೋಗುವುದು ಅದು,
ಖಾಲಿ ಉಳಿಯುವುದೂ ಅದೇ.
ಹಿಂದಿನದು ಎರಡು. ಸಿತ್ರಾ ಕ್ಯಾಂಪಿನ ವಾಮನ ಗಟ್ಟಿ
ಪ್ರತಿ ಸಲ ಕೇಳುತ್ತಾನೆ: ‘ಬಸ್ಸು ಉಂಟಾ?’
ಬಸ್ಸಿಗೆ ಅರುವತ್ತು. ನನ್ನ ಲೆಕ್ಕದ ಹಾಳೆಯಲ್ಲಿ
ಆ ಸಾಲು ಪ್ರತಿ ವರ್ಷ ಕೆಂಪು.

ಕಥೆಯನ್ನು ಅರಬ್ಬಿಯಲ್ಲಿ ಕೊಡಬೇಕು ಇಲಾಖೆಗೆ.
ಅನುವಾದಕ ಇದ್ರೀಸ್, ಸುಡಾನಿನವನು, ಪುಟಕ್ಕೆ ಮೂರು ದಿನಾರು,
ಕನ್ನಡಕಕ್ಕೆ ಒಂದೇ ಕಾಲು, ಇನ್ನೊಂದು ಕಡೆ ದಾರ.
ಒಂಬತ್ತು ವರ್ಷದಲ್ಲಿ ನಮ್ಮ ಕಥೆಯನ್ನು ಕೊನೆತನಕ ಓದಿದ ಮೊದಲಿಗ.
‘ಒಂದು ಪುಟ ಬಿಟ್ಟುಹೋಗಿದೆ,’ ಅಂದ.
‘ಎರಡನೇ ಪುಟದಲ್ಲಿ ತಾಯಿ ಹರಸಿ ಕಳಿಸುತ್ತಾಳೆ.
ಏಳರಲ್ಲಿ ಮಗ ಸಾಯುತ್ತಾನೆ. ಅವಳಿಗೆ ಯಾರು ಹೇಳಿದರು?’
ಸಮಯ ಇಲ್ಲ, ಅಂದೆ.
‘ಅವಳಿಗೆ ಹೇಳಲಿಕ್ಕೆ?’
ನಾನು ಸಭಾಂಗಣದ ಬಾಡಿಗೆಯ ವಿಷಯ ವಿವರಿಸಿದೆ.
ಅವನು ತಾಳ್ಮೆಯಿಂದ ಕೇಳಿದ.
ಇಳಿಯುವಾಗ ಅವನ ಮೆಟ್ಟಿಲು ನಮ್ಮ ಮೆಟ್ಟಿಲಿಗಿಂತ ಕಡಿದಾಗಿತ್ತು.

ರಾತ್ರಿ ಕಸದ ಬುಟ್ಟಿಯಲ್ಲಿ ಹುಡುಕಿದೆ. ಸಿಕ್ಕಿತು,
ಚಹಾದ ಕಲೆಯೊಂದಿಗೆ. ಮಾರನೇ ದಿನ ಕೊಟ್ಟೆ.
ರಿಯಾಯಿತಿ ಏನೂ ಮಾಡಲಿಲ್ಲ ಅವನು.
ಖರ್ಚಿನ ಪುಸ್ತಕದಲ್ಲಿ ಬರೆದೆ: ಅಳು, ಮೂರು ದಿನಾರು.

ಇಪ್ಪತ್ತು ನಿಮಿಷ ಬೇರೆಲ್ಲಿಂದಾದರೂ ತೆಗೆಯಬೇಕಲ್ಲ.
ಸನ್ಮಾನ ತೆಗೆದೆ. ಶಾಲು, ಹಾರ, ಎಂಟು ಮಂದಿಯ ಎರಡು ಮಾತು.
ಪುರ್ಬುಗಳು ಐನೂರನ್ನು ಇನ್ನೂರಕ್ಕೆ ಇಳಿಸಿದರು,
ಅಧ್ಯಕ್ಷರು ನನ್ನ ಫೋನು ಎತ್ತುವುದಿಲ್ಲ.

ಅರ್ಜಿ ಮೊಹರು ಬಿದ್ದು ವಾಪಸು ಬಂದಿದೆ.
ಹದಿನಾಲ್ಕನೇ ಖಾನೆಯಲ್ಲಿ ಇದ್ರೀಸನ ಕೈಬರಹ, ಅರ್ಧ ಸಾಲು.
ನನಗೆ ಅರಬ್ಬಿಯಲ್ಲಿ ಅಂಕಿ ಮಾತ್ರ ಓದಲು ಬರುತ್ತದೆ.
ಅದರಲ್ಲಿ ಅಂಕಿ ಇಲ್ಲ.

ಇವತ್ತು ಗೋದಾಮಿನಿಂದ ನಾಲ್ಕು ಬೋಲ್ಟು ಜೇಬಿಗೆ ಹಾಕಿಕೊಂಡೆ,
ರಸೀದಿ ಇಲ್ಲದೆ,
ಆ ಎರಡು ಕುರ್ಚಿಗೆ.